ರಜೆಯಲ್ಲಿ ಹುಟ್ಟಿದ ಲೆಕ್ಕ: ಹೈನ್ರಿಚ್ ಹರ್ಟ್ಸ್ ಎಂಬ ಅರ್ಧ ಎಂಜಿನಿಯರ್

ಹರ್ಟ್ಸ್ ಅಂದ ಕೂಡಲೇ ನಮಗೆ ಏನು ನೆನಪಾಗತ್ತೆ? ಲ್ಯಾಪ್‌ಟಾಪ್ ಪ್ರೊಸೆಸರ್ ಎಷ್ಟು ಗಿಗಾಹರ್ಟ್ಸ್, ಹಾಸ್ಟೆಲ್ ವೈಫೈ 2.4 ಇದೆಯಾ 5 ಇದೆಯಾ, ಗೋಡೆಯ ಸಾಕೆಟ್‌ನಲ್ಲಿ ಬರೋ ಕರೆಂಟು 50 ಹರ್ಟ್ಸ್. ಇಸಿ ಬ್ರಾಂಚಿನವರು ಈ ಮನುಷ್ಯ ನಮ್ಮವನು ಅಂತ ಎದೆ ತಟ್ಟಿಕೊಳ್ತಾರೆ. ಮೆಕ್ಯಾನಿಕಲ್‌ನವನಾದ ನಾನೂ ಮೂರು ವರ್ಷ ಹಾಗೇ ಅಂದ್ಕೊಂಡಿದ್ದೆ. ಫೈನಲ್ ಇಯರ್ ಪ್ರಾಜೆಕ್ಟ್ ಕೈಗೆ ಬಂದ ಮೇಲೆ ಗೊತ್ತಾಯ್ತು, ರೇಡಿಯೋ ಅಲೆಗಳ ತಂಟೆಗೆ ಹೋಗೋಕೆ ಆರೇಳು ವರ್ಷ ಮೊದಲೇ ಈ ಮನುಷ್ಯ ನಮ್ಮ ಬ್ರಾಂಚಿಗೆ ಒಂದು ದೊಡ್ಡ ಉಪಕಾರ ಮಾಡಿ ಹೋಗಿದ್ದ ಅಂತ.

ಪ್ರಾಜೆಕ್ಟ್ ವಿಷಯ ಇಷ್ಟು. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಿಂತು ನೋಡಿ. ರೈಲ್ವೆ ಸ್ಟೇಷನ್ನಿನಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿ.ಮೀ. ಪಕ್ಕದಲ್ಲೇ ಮೆಟ್ರೋ ಹಳಿ 1435 ಮಿ.ಮೀ. ಒಂದರ ಗಾಡಿ ಇನ್ನೊಂದರ ಮೇಲೆ ಓಡೋಲ್ಲ. ನಮಗೆ ಅದರ ಅಗತ್ಯವೂ ಇಲ್ಲ. ಆದರೆ ಸ್ಪೇನ್ ದೇಶಕ್ಕೆ ಇದು ನಿಜವಾದ ತಲೆನೋವು. ಅಲ್ಲಿನ ಹಳೇ ಹಳಿಗಳು 1668 ಮಿ.ಮೀ., ಗಡಿ ದಾಟಿದರೆ ಫ್ರಾನ್ಸಿನದು 1435. ಅದಕ್ಕೆ ಅವರು ಗಾಲಿಗಳೇ ಅಚ್ಚಿನ ಮೇಲೆ ಪಕ್ಕಕ್ಕೆ ಸರಿಯುವ ರೈಲು ಮಾಡಿದರು. ಟಾಲ್ಗೋ ಕಂಪನಿಯ ಇಂಥ ಗಾಡಿ 1969ರಲ್ಲಿ ಬಾರ್ಸಿಲೋನಾದಿಂದ ಜಿನೀವಾಕ್ಕೆ ಓಡತೊಡಗಿತು. ಗಡಿಯ ಹತ್ತಿರ ನಿಧಾನಕ್ಕೆ ಒಂದು ಕಟ್ಟೆಯ ಮೇಲೆ ಹಾದು ಹೋಗುವಾಗ ಗಾಡಿಯ ಭಾರ ಗಾಲಿಯಿಂದ ಪಕ್ಕದ ಆಸರೆಗೆ ಹೋಗತ್ತೆ, ಬೀಗ ಕಳಚತ್ತೆ, ದಾರಿ ತೋರುವ ಪಟ್ಟಿಗಳು ಗಾಲಿಯನ್ನ ಹೊಸ ಅಂತರಕ್ಕೆ ತಳ್ಳತ್ತವೆ, ಮತ್ತೆ ಬೀಗ ಬೀಳತ್ತೆ, ಭಾರ ಮತ್ತೆ ಗಾಲಿಗೆ. ಒಳಗೆ ಕೂತವರು ಇಳಿಯೋದೇ ಬೇಡ.

ಇಂಥ ಒಂದು ವೀಲ್‌ಸೆಟ್ ಹಳಿಯನ್ನ ಮುಟ್ಟುವ ಜಾಗವನ್ನ ಕಂಪ್ಯೂಟರಿನಲ್ಲಿ ಸಿಮ್ಯುಲೇಟ್ ಮಾಡೋದು ನಮ್ಮ ಕೆಲಸ. ಮೊದಲ ತಿಂಗಳು ನಾವು ಮಾಡಿದ್ದು ಶುದ್ಧ ಪೆದ್ದುತನ. ಇಡೀ ಗಾಲಿಗೆ 10 ಮಿ.ಮೀ. ಮೆಶ್ ಹಾಕಿ, ಹತ್ತು ಟನ್ ಭಾರ ಹೇರಿ, ರನ್ ಕೊಟ್ಟು ಊಟಕ್ಕೆ ಹೋದೆವು. ವಾಪಸ್ ಬಂದು ನೋಡಿದರೆ ಒಂದೇ ಒಂದು ನೋಡ್ ಹಳಿಗೆ ತಾಗಿತ್ತು, ಒತ್ತಡ ಯಾವ ಉಕ್ಕೂ ತಡೆಯಲಾರದಷ್ಟು. ಮೆಶ್ ಬದಲಿಸಿದ ಹಾಗೆಲ್ಲ ಉತ್ತರವೂ ಬದಲಾಗ್ತಾ ಹೋಯ್ತು. ಗೈಡ್ ಸರ್ ಬೈಯಲಿಲ್ಲ. ಮೊದಲು ಕೈಯಲ್ಲಿ ಹರ್ಟ್ಸ್ ಲೆಕ್ಕ ಮಾಡ್ಕೊಂಡು ಬನ್ನಿ ಅಂದರು, ಅಷ್ಟೇ. ಯಾವ ಹರ್ಟ್ಸ್ ಸರ್ ಅಂತ ಕೇಳಿ ನಗೆಪಾಟಲಾದವನು ನಾನೇ. ಆ ನಾಚಿಕೆಯಲ್ಲಿ ಓದಿದ ಬದುಕು ಇದು. ಈ ಲೆಕ್ಕ ಮಾಡಿದಾಗ ಅವನಿಗೆ ಹೆಚ್ಚುಕಮ್ಮಿ ನಮ್ಮದೇ ವಯಸ್ಸು, ಅದಕ್ಕೇ ಏಕವಚನದಲ್ಲಿ ಬರೀತಿದ್ದೀನಿ. ಸಲಿಗೆ ಅಂದ್ಕೊಳ್ಳಿ, ಅಗೌರವ ಅಲ್ಲ.

ಲೇತ್ ಹಿಡಿದ ಹುಡುಗ

ಹೈನ್ರಿಚ್ ಹರ್ಟ್ಸ್ ಹುಟ್ಟಿದ್ದು 22 ಫೆಬ್ರವರಿ 1857, ಜರ್ಮನಿಯ ಬಂದರು ನಗರ ಹ್ಯಾಂಬರ್ಗ್‌ನಲ್ಲಿ. ಅಪ್ಪ ಗುಸ್ಟಾವ್ ವಕೀಲರು, ಮುಂದೆ ನಗರದ ಸೆನೆಟರ್ ಆದವರು. ಅನುಕೂಲಸ್ಥ ಮನೆ. ತಂದೆಯ ಕಡೆಯವರು ಮೊದಲು ಯೆಹೂದಿಗಳು, ಹೈನ್ರಿಚ್ ಹುಟ್ಟುವ ಎಷ್ಟೋ ಮುಂಚೆಯೇ ಕ್ರೈಸ್ತರಾಗಿದ್ದರು. ಈ ಮಾತು ಇಲ್ಲಿ ಯಾಕೆ ಬಂತು ಅಂತ ಕೊನೆಯಲ್ಲಿ ಗೊತ್ತಾಗತ್ತೆ.

ಹುಡುಗ ಓದಿನಲ್ಲಿ ಮುಂದು, ಭಾಷೆಗಳಲ್ಲೂ ಚುರುಕು, ಅರಬ್ಬಿಯನ್ನೂ ಕಲಿತ. ಆದರೆ ಅವನ ನಿಜವಾದ ಪ್ರೀತಿ ಕೈಕೆಲಸದ ಮೇಲೆ. ಮನೆಯಲ್ಲಿ ಮರಗೆಲಸದ ಬೆಂಚು ಇತ್ತು, ಲೇತ್ ಇತ್ತು. ಭಾನುವಾರ ಕಸುಬಿನ ಶಾಲೆಗೆ ಹೋಗಿ ಡ್ರಾಯಿಂಗ್ ಕಲೀತಿದ್ದ. ತನಗೆ ಬೇಕಾದ ಸಣ್ಣಪುಟ್ಟ ಉಪಕರಣ ತಾನೇ ಮಾಡ್ಕೊಳ್ತಿದ್ದ. ಅವನಿಗೆ ಲೇತ್ ಕಲಿಸಿದ ಕುಶಲಕರ್ಮಿ, ಮುಂದೆ ಹುಡುಗ ಪ್ರೊಫೆಸರ್ ಆದ ಸುದ್ದಿ ಕೇಳಿ, ಎಂಥಾ ಒಳ್ಳೇ ಲೇತ್ ಕೆಲಸಗಾರನನ್ನ ಕಳೆದುಕೊಂಡೆವಲ್ಲ ಅಂತ ಪೇಚಾಡಿದನಂತೆ. ಕಥೆ ಚೆನ್ನಾಗಿದೆ, ಅವನ ಮುಂದಿನ ಪ್ರಯೋಗಗಳನ್ನ ನೋಡಿದರೆ ನಂಬೋಕೆ ಕಷ್ಟ ಏನಿಲ್ಲ.

ಇಷ್ಟೆಲ್ಲ ಇದ್ದ ಮೇಲೆ ಎಂಜಿನಿಯರಿಂಗ್ ಬಿಟ್ಟು ಇನ್ನೇನು? 1875ರಲ್ಲಿ ಶಾಲೆ ಮುಗಿಸಿ ಫ್ರಾಂಕ್‌ಫರ್ಟ್‌ಗೆ ಹೋದ. ಅಲ್ಲಿ ಎಂಜಿನಿಯರಿಂಗ್ ಕಚೇರಿಯಲ್ಲಿ ಒಂದು ವರ್ಷ ಕೆಲಸ. ನಮ್ಮ ಭಾಷೆಯಲ್ಲಿ ಇಂಟರ್ನ್‌ಶಿಪ್. ಆಮೇಲೆ ಡ್ರೆಸ್ಡೆನ್ ಪಾಲಿಟೆಕ್ನಿಕ್‌ನಲ್ಲಿ ಸ್ವಲ್ಪ ಕಾಲ. ಅಷ್ಟರಲ್ಲಿ ಕಡ್ಡಾಯ ಸೈನ್ಯ ಸೇವೆಯ ವರ್ಷ ಬಂತು. ಅದನ್ನ ಅವನು ಕಳೆದದ್ದು ಬರ್ಲಿನ್ನಿನ ರೈಲ್ವೆ ರೆಜಿಮೆಂಟಿನಲ್ಲಿ, 1876ರಿಂದ 77ರವರೆಗೆ. ಹಳಿಯ ಮೇಲಿನ ಗಾಲಿಗೆ ಮುಂದೆ ಲೆಕ್ಕ ಒದಗಿಸಿದವನು ರೈಲ್ವೆ ಸಿಪಾಯಿಯಾಗಿದ್ದ ಅನ್ನೋದು ಬರೀ ಕಾಕತಾಳೀಯ. ಆದರೂ ಓದಿದಾಗ ನನಗೆ ಖುಷಿಯಾಯ್ತು.

ಬ್ರಾಂಚ್ ಬದಲಿಸಿದವನು

1877ರಲ್ಲಿ ಹೈನ್ರಿಚ್ ಮ್ಯೂನಿಕ್‌ಗೆ ಹೋದದ್ದು ಎಂಜಿನಿಯರಿಂಗ್ ಮುಂದುವರಿಸೋಕೆ. ಅಲ್ಲಿಗೆ ಹೋದ ಮೇಲೆ ಮನಸ್ಸು ಕಲಕಿತು. ಸರ್ವೇ, ಕಟ್ಟಡ ಸಾಮಗ್ರಿ, ನಿರ್ಮಾಣ ಅಂತ ಓದ್ತಾ ಹೋದರೆ ತನಗೆ ಬೇಕಾದದ್ದು ಸಿಗೋಲ್ಲ, ತನಗೆ ಬೇಕಾದದ್ದು ಇದರ ಬುಡದಲ್ಲಿರೋ ವಿಜ್ಞಾನ ಅಂತ ಅನ್ನಿಸತೊಡಗಿತು. ಈ ತಳಮಳ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿಲ್ಲ ಹೇಳಿ? ಸಿಇಟಿ ಸೀಟು ತಗೊಂಡು ಎರಡನೇ ಸೆಮ್‌ನಲ್ಲಿ ಇದು ನನ್ನ ದಾರಿಯಾ ಅಂತ ಟೆರೇಸಿನ ಮೇಲೆ ಕೂತು ಯೋಚಿಸಿದವರು ಪ್ರತಿ ಬ್ಯಾಚಿನಲ್ಲೂ ಸಿಗ್ತಾರೆ.

ಹೈನ್ರಿಚ್ ಅಪ್ಪನಿಗೆ ಕಾಗದ ಬರೆದ. ಎಂಜಿನಿಯರಿಂಗ್‌ನಲ್ಲಿ ಖಚಿತವಾದ ಕೆಲಸ ಇದೆ, ವಿಜ್ಞಾನದಲ್ಲಿ ಏನಾಗತ್ತೋ ಗೊತ್ತಿಲ್ಲ, ಆದರೂ ಮನಸ್ಸು ಅತ್ತಲೇ ಎಳೀತಿದೆ, ನಿಮ್ಮ ಒಪ್ಪಿಗೆ ಬೇಕು ಅನ್ನೋ ಅರ್ಥದ ಕಾಗದ. ಅಪ್ಪ ಒಪ್ಪಿದರು. ಆ ಒಪ್ಪಿಗೆ ಇಲ್ಲದಿದ್ದರೆ ಇವತ್ತು ಆವೃತ್ತಿಯನ್ನ ಅಳೆಯುವ ಘಟಕಕ್ಕೆ ಇನ್ಯಾರದೋ ಹೆಸರು ಇರ್ತಿತ್ತು.

ಮ್ಯೂನಿಕ್‌ನಲ್ಲಿ ಒಂದು ವರ್ಷ ಲಗ್ರಾಂಜ್, ಲಪ್ಲಾಸ್ ಮುಂತಾದವರ ಹಳೇ ಗ್ರಂಥಗಳನ್ನ ಓದಿ, 1878ರಲ್ಲಿ ಬರ್ಲಿನ್ ಸೇರಿದ. ಅಲ್ಲಿ ಸಿಕ್ಕ ಮೇಷ್ಟ್ರು ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್, ಆ ಕಾಲದ ಜರ್ಮನ್ ಭೌತವಿಜ್ಞಾನದ ಹಿರಿಯ ತಲೆ. ಅವರು ಕೊಟ್ಟ ಒಂದು ಬಹುಮಾನದ ಪ್ರಶ್ನೆಗೆ ಹುಡುಗ ಪ್ರಯೋಗ ಮಾಡಿ ಉತ್ತರಿಸಿ 1879ರಲ್ಲಿ ಚಿನ್ನದ ಪದಕ ಗೆದ್ದ. ಮೇಷ್ಟ್ರಿಗೆ ಕಣ್ಣು ಬಿತ್ತು. ಮ್ಯಾಕ್ಸ್‌ವೆಲ್ ಸಿದ್ಧಾಂತವನ್ನ ಪರೀಕ್ಷಿಸುವ ಇನ್ನೊಂದು ದೊಡ್ಡ ಪ್ರಶ್ನೆಗೂ ಕೈ ಹಾಕು ಅಂತ ಸೂಚಿಸಿದರು. ಹೈನ್ರಿಚ್ ಕೂತು ಅಂದಾಜು ಹಾಕಿದ. ಆಗಿದ್ದ ಉಪಕರಣಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರೂ ಫಲ ಸಿಗೋದು ಅನುಮಾನ ಅಂತ ತೋರಿತು. ಬೇಡ ಅಂದ. ಮೇಷ್ಟ್ರು ಕೊಟ್ಟ ಪ್ರಾಜೆಕ್ಟನ್ನ ಲೆಕ್ಕ ಹಾಕಿ ಬೇಡ ಅನ್ನೋ ಧೈರ್ಯ! ಆದರೆ ಪ್ರಶ್ನೆಯನ್ನ ಮರೆಯಲಿಲ್ಲ.

1880ರಲ್ಲಿ ತಿರುಗುವ ಗೋಳಗಳಲ್ಲಿ ಹುಟ್ಟುವ ವಿದ್ಯುತ್ತಿನ ಮೇಲೆ ಡಾಕ್ಟರೇಟ್ ಮುಗಿಸಿ, ಹೆಲ್ಮ್‌ಹೋಲ್ಟ್ಸ್ ಅವರ ಸಹಾಯಕನಾದ.

ಎರಡು ಗಾಜು ಮುಟ್ಟಿದಾಗ

ಈಗ ನಮ್ಮ ವಿಷಯಕ್ಕೆ ಬಂದೆವು. ನ್ಯೂಟನ್ ಉಂಗುರಗಳ ಪ್ರಯೋಗವನ್ನ ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬ್‌ನಲ್ಲಿ ನಾವೆಲ್ಲ ಮಾಡಿದ್ದೇವೆ. ಉಬ್ಬು ಲೆನ್ಸನ್ನ ಗಾಜಿನ ಮೇಲಿಟ್ಟು ಉಂಗುರ ಎಣಿಸಿ, ರೀಡಿಂಗ್ ಸರಿಬರದಿದ್ದರೆ ಪಕ್ಕದವನ ರೆಕಾರ್ಡ್ ನೋಡಿ ಬರೆದು ಮುಗಿಸೋ ಪ್ರಯೋಗ. ಬರ್ಲಿನ್ನಿನಲ್ಲಿ ಇದೇ ಉಂಗುರಗಳ ಬಗ್ಗೆ ಮಾತಾಡ್ತಿದ್ದಾಗ ಹರ್ಟ್ಸ್ ತಲೆಗೆ ಒಂದು ಪ್ರಶ್ನೆ ಬಂತು. ಎರಡು ಲೆನ್ಸುಗಳನ್ನ ಒತ್ತಿದಾಗ ಗಾಜು ಸ್ವಲ್ಪ ಚಪ್ಪಟೆ ಆಗಲೇಬೇಕಲ್ಲ? ಆದರೆ ಎಷ್ಟು? ಆ ಚಪ್ಪಟೆಯಿಂದ ಉಂಗುರಗಳ ಆಕಾರ ಎಷ್ಟು ಕೆಡತ್ತೆ?

1880ರ ಕ್ರಿಸ್‌ಮಸ್ ರಜೆ. ಅವನಿಗೆ 23 ವರ್ಷ. ರಜೆಯಲ್ಲಿ ಕೂತು ಆ ಲೆಕ್ಕ ಮಾಡಿದ. ಅವನು ಹಿಡಿದ ದಾರಿ ಸೊಗಸಾದದ್ದು. ಮುಟ್ಟುವ ಜಾಗ ದೀರ್ಘವೃತ್ತದ ಆಕಾರದ್ದು ಅಂತ ಊಹಿಸಿಕೊಂಡ. ಅದರ ಮೇಲೆ ಒತ್ತಡ ನಡುವೆ ಅತಿ ಹೆಚ್ಚು, ಅಂಚಿಗೆ ಹೋಗ್ತಾ ಸೊನ್ನೆ, ಬೋರಲು ಹಾಕಿದ ಬಟ್ಟಲಿನ ಹಾಗೆ. ಇಂಥ ಹಂಚಿಕೆ ಇದ್ದರೆ ಮೇಲ್ಮೈ ಹೇಗೆ ಬಾಗತ್ತೆ ಅನ್ನೋದಕ್ಕೆ ವಿದ್ಯುತ್ ಆವೇಶಗಳ ಗಣಿತ ಆಗಲೇ ತಯಾರಿತ್ತು. ಅದನ್ನ ಎತ್ತಿ ತಂದು ಗಾಜಿಗೆ ಹಾಕಿದ. ಎರಡೂ ಮೇಲ್ಮೈಗಳ ಬಾಗು ಸರಿಯಾಗಿ ಕೂಡಿಕೊಂಡಿತು. ವಿದ್ಯುತ್ತಿನವನಾದ್ದರಿಂದಲೇ ಮೆಕ್ಯಾನಿಕಲ್ ಸಮಸ್ಯೆ ಬಿಡಿಸೋಕಾಯ್ತು. ಬ್ರಾಂಚುಗಳ ನಡುವೆ ಗೋಡೆ ಕಟ್ಟೋ ನಾವು ಇದನ್ನ ಒಮ್ಮೆ ನೆನಪಿಸಿಕೊಳ್ಳಬೇಕು.

1881ರ ಜನವರಿಯಲ್ಲಿ ಬರ್ಲಿನ್ನಿನ ಭೌತವಿಜ್ಞಾನ ಸಂಘದಲ್ಲಿ ಅದನ್ನ ಓದಿದ. ಗಣಿತದ ಪತ್ರಿಕೆಯಲ್ಲಿ ಲೇಖನ ಬಂತು. ವಿಶೇಷ ಏನಂದ್ರೆ, ಭೌತವಿಜ್ಞಾನಿಗಳ ಜೊತೆಗೆ ಯಂತ್ರದ ಕೆಲಸದವರೂ ಕಿವಿ ನಿಮಿರಿಸಿದರು. ಅವರಿಗಾಗಿ 1882ರಲ್ಲಿ ಇನ್ನೊಂದು ಲೇಖನ ಬರೆದ. ಅದರಲ್ಲಿ ಗಾಜಿನ ಮೇಲೆ ಮಾಡಿದ ಪ್ರಯೋಗಗಳ ಜೊತೆ ತಾಳೆ ನೋಡಿದ, ಗಡಸುತನ ಅಂದರೆ ಏನು, ಅದನ್ನ ಹೇಗೆ ಅಳೆಯೋದು ಅನ್ನೋದಕ್ಕೂ ಒಂದು ದಾರಿ ಸೂಚಿಸಿದ. ಎಂಜಿನಿಯರಿಂಗ್ ಬಿಟ್ಟು ಓಡಿಹೋದವನು ನಾಲ್ಕೇ ವರ್ಷದಲ್ಲಿ ಎಂಜಿನಿಯರುಗಳಿಗೆ ಪಾಠ ಮಾಡ್ತಿದ್ದ.

ಕಿರುಬೆರಳಿನ ಉಗುರಿನಷ್ಟು ಜಾಗ

ಆ ಲೆಕ್ಕವನ್ನ ನಮ್ಮ ಗಾಲಿಗೆ ಹಾಕಿ ನೋಡೋಣ, ಯಾಕಂದ್ರೆ ಅವನ ದೊಡ್ಡತನ ಗೊತ್ತಾಗೋದು ಅಲ್ಲೇ. ಗಾಲಿಯ ತ್ರಿಜ್ಯ 460 ಮಿ.ಮೀ., ಹಳಿಯ ತಲೆಯ ಬಾಗಿನ ತ್ರಿಜ್ಯ 300 ಮಿ.ಮೀ., ಒಂದು ಗಾಲಿಯ ಮೇಲಿನ ಭಾರ ಸುಮಾರು ಹತ್ತು ಟನ್ ಅಂದರೆ 100 ಕಿಲೋನ್ಯೂಟನ್. ಎರಡೂ ಉಕ್ಕು. ಹರ್ಟ್ಸ್ ಸೂತ್ರ ಕೊಡೋ ಉತ್ತರ: ಮುಟ್ಟುವ ಜಾಗ ಸುಮಾರು 12 ಮಿ.ಮೀ. ಅಗಲ, ವಿಸ್ತೀರ್ಣ ಬರೀ 1.2 ಚದರ ಸೆಂ.ಮೀ. ನಡುವಿನ ಒತ್ತಡ 1200 ಮೆಗಾಪ್ಯಾಸ್ಕಲ್‌ಗೂ ಸ್ವಲ್ಪ ಹೆಚ್ಚು. ಎಂಟು ಗಾಲಿಯ ಒಂದು ತುಂಬಿದ ಗೂಡ್ಸ್ ವ್ಯಾಗನ್ ನೆಲವನ್ನ ಮುಟ್ಟೋದು ಒಟ್ಟು ಹತ್ತು ಚದರ ಸೆಂ.ಮೀ. ಜಾಗದಲ್ಲಿ. ನಿಮ್ಮ ಪರ್ಸಿನಲ್ಲಿರೋ ಎಟಿಎಂ ಕಾರ್ಡಿನ ಕಾಲು ಭಾಗವೂ ಇಲ್ಲ.

ಮಾಮೂಲಿ ಉಕ್ಕು 250 ಮೆಗಾಪ್ಯಾಸ್ಕಲ್‌ಗೇ ಸೋಲತ್ತಲ್ಲ, ಹಳಿ ಹೇಗೆ ಉಳಿಯತ್ತೆ ಅಂತ ಕೇಳಬಹುದು. ಹಳಿಯ ಉಕ್ಕು ಅದಕ್ಕಿಂತ ಗಟ್ಟಿ ಅನ್ನೋದು ಒಂದು. ದೊಡ್ಡ ಕಾರಣ, ಆ ಜಾಗದ ಉಕ್ಕನ್ನ ಸುತ್ತಲಿನ ಉಕ್ಕು ಎಲ್ಲ ಕಡೆಯಿಂದ ಅದುಮಿ ಹಿಡಿದಿರತ್ತೆ. ಮುಂದೆ ಬಂದವರು ಹರ್ಟ್ಸ್ ಲೆಕ್ಕವನ್ನ ಒಳಕ್ಕೆ ಮುಂದುವರಿಸಿದಾಗ, ಅತಿ ಹೆಚ್ಚು ಶಿಯರ್ ಇರೋದು ಮೇಲ್ಮೈಯಲ್ಲಲ್ಲ, ನಮ್ಮ ಉದಾಹರಣೆಯಲ್ಲಾದರೆ ಸುಮಾರು 3 ಮಿ.ಮೀ. ಕೆಳಗೆ ಅಂತ ಗೊತ್ತಾಯ್ತು. ಗಾಲಿ, ಹಳಿ, ಬಾಲ್ ಬೇರಿಂಗ್‌ಗಳಲ್ಲಿ ಕೆಲವು ಬಿರುಕುಗಳು ಕಣ್ಣಿಗೆ ಕಾಣದ ಒಳಗಿನಿಂದ ಶುರುವಾಗೋದು ಇದಕ್ಕೇ.

ಇನ್ನೊಂದು ವಿಚಿತ್ರ: ಭಾರ ಎರಡರಷ್ಟಾದರೆ ಒತ್ತಡ ಎರಡರಷ್ಟಾಗೋಲ್ಲ, 1.26ರಷ್ಟು ಮಾತ್ರ ಆಗತ್ತೆ, ಯಾಕಂದ್ರೆ ಮುಟ್ಟುವ ಜಾಗವೂ ದೊಡ್ಡದಾಗತ್ತೆ. ಒತ್ತಡ ಎರಡರಷ್ಟಾಗಬೇಕಾದರೆ ಭಾರ ಎಂಟರಷ್ಟಾಗಬೇಕು. ಇದರ ಇನ್ನೊಂದು ಮುಖವೇ ನಮ್ಮ ಸಿಮ್ಯುಲೇಶನ್ ಕುಸಿದು ಬೀಳೋಕೆ ಕಾರಣ. ಗೇಜ್ ಬದಲಾಗೋ ಕಟ್ಟೆಯ ಮೇಲೆ ಗಾಲಿಯ ಭಾರ ಇಳಿಯುತ್ತ ಸೊನ್ನೆಗೆ ಹೋಗತ್ತೆ. ಭಾರ ಇಳಿದ ಹಾಗೆ ಮುಟ್ಟುವ ಜಾಗ ಕುಗ್ಗತ್ತೆ, ಅದರ ಬಿಗುವೂ ಕುಗ್ಗಿ ಕೊನೆಗೆ ಇಲ್ಲವಾಗತ್ತೆ. ನೇರ ಗೆರೆಯ ಸ್ಪ್ರಿಂಗ್ ಅಂದ್ಕೊಂಡು ಲೆಕ್ಕ ಮಾಡೋ ಸಾಲ್ವರ್ ಅಲ್ಲಿ ಮುಗ್ಗರಿಸತ್ತೆ. ಆಮೇಲೆ ಗಾಲಿ ಹೊಸ ಹಳಿಯ ಮೇಲೆ ಕೂರುವಾಗ ಹಳಿಯ ತಲೆಯ ಆಕಾರ ಬೇರೆ ಇರಬಹುದು, ವಾಲಿಕೆ ಬೇರೆ ಇರಬಹುದು, ಗಾಲಿಯ ಮೇಲೆ ಮುಟ್ಟುವ ಬಿಂದು ಸರಿದಿರಬಹುದು. ಪ್ರತಿ ಸಲವೂ ಬಾಗುಗಳನ್ನ ಹೊಸದಾಗಿ ಕೊಟ್ಟು ಹೊಸದಾಗಿ ಲೆಕ್ಕ ಹಾಕಬೇಕು.

ಹಾಗಂತ ಹರ್ಟ್ಸ್ ಲೆಕ್ಕ ಎಲ್ಲದಕ್ಕೂ ಮದ್ದಲ್ಲ. ಅವನು ತನ್ನ ಷರತ್ತುಗಳನ್ನ ಮೊದಲೇ ಹಾಕಿಕೊಂಡಿದ್ದ. ಮೇಲ್ಮೈ ನುಣುಪಾಗಿರಬೇಕು, ಉಜ್ಜುವಿಕೆ ಇರಬಾರದು, ವಸ್ತು ಪೂರ್ತಿ ಸ್ಥಿತಿಸ್ಥಾಪಕ ಆಗಿರಬೇಕು, ಮುಟ್ಟುವ ಜಾಗ ವಸ್ತುವಿನ ಬಾಗಿಗೆ ಹೋಲಿಸಿದರೆ ತೀರಾ ಚಿಕ್ಕದಿರಬೇಕು. ಗಾಲಿಯ ಫ್ಲೇಂಜ್ ಹಳಿಯ ಮೂಲೆಗೆ ತಬ್ಬಿಕೊಂಡಾಗ, ಗಾಲಿ ಸವೆದು ಹಳಿಯ ಅಚ್ಚಿನ ಹಾಗೇ ಆದಾಗ, ಎರಡು ಕಡೆ ಒಟ್ಟಿಗೆ ಮುಟ್ಟಿದಾಗ ಈ ಷರತ್ತು ಮುರಿಯತ್ತೆ. ಎಳೆತದ ಬಲವಂತೂ ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಉರುಳುವ ಗಾಲಿ ಸೂಕ್ಷ್ಮವಾಗಿ ಜಾರೋದನ್ನ 1926ರಲ್ಲಿ ಇಂಗ್ಲೆಂಡಿನ ಕಾರ್ಟರ್ ಲೆಕ್ಕಕ್ಕೆ ತಂದರು. 1967ರಲ್ಲಿ ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಯೂಸ್ಟ್ ಕಾಲ್ಕರ್ ಅದನ್ನ ಪೂರ್ತಿ ಮೂರು ಆಯಾಮಕ್ಕೆ ಬೆಳೆಸಿದರು, 1982ರಲ್ಲಿ ಅವರೇ ಕೊಟ್ಟ ಫಾಸ್ಟ್‌ಸಿಮ್ ಎಂಬ ಚುರುಕು ವಿಧಾನ ಇವತ್ತಿಗೂ ರೈಲ್ವೆ ಸಾಫ್ಟ್‌ವೇರ್‌ಗಳಲ್ಲಿ ಇದೆ. ಆದರೆ ಕಾರ್ಟರ್ ಇರಲಿ, ಫಾಸ್ಟ್‌ಸಿಮ್ ಇರಲಿ, ಮೊದಲ ಹೆಜ್ಜೆಯಲ್ಲಿ ಮುಟ್ಟುವ ಜಾಗ ಎಷ್ಟು ಅಂತ ಕೇಳೋದು ಹರ್ಟ್ಸ್ ಹತ್ತಿರವೇ.

ಕಿಡಿಯಿಂದ ಕಿಡಿಗೆ

ಇಷ್ಟು ಮಾಡಿದವನು ಅಲ್ಲೇ ನಿಂತಿದ್ದರೂ ಸಾಕಿತ್ತು. ಅವನಿಗೆ ಅದು ದಾರಿಯಲ್ಲಿ ಸಿಕ್ಕ ಕೆಲಸ, ಮತ್ತೆ ಅದರ ಕಡೆ ಹೆಚ್ಚು ತಿರುಗಿ ನೋಡಲೇ ಇಲ್ಲ. 1883ರಲ್ಲಿ ಕೀಲ್ ವಿಶ್ವವಿದ್ಯಾಲಯಕ್ಕೆ ಪಾಠ ಹೇಳೋಕೆ ಹೋದ. ಅಲ್ಲಿ ಹೇಳಿಕೊಳ್ಳುವಂಥ ಲ್ಯಾಬ್ ಇರಲಿಲ್ಲ. ಕೈ ಕಟ್ಟಿದ ಹಾಗಾಯ್ತು. ಸುಮ್ಮನೆ ಕೂರದೆ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನ ಪೆನ್ನು ಕಾಗದದಲ್ಲಿ ಕೆದಕಿದ. 1885ರಲ್ಲಿ ಕಾರ್ಲ್ಸ್‌ರೂಹೆಯ ಟೆಕ್ನಿಕಲ್ ಕಾಲೇಜಿನಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿತು. ಕೀಲ್‌ನಲ್ಲಿ ಭೌತವಿಜ್ಞಾನಕ್ಕೆ ಅದೇ ವರ್ಷ ಬಂದವರು ಮ್ಯಾಕ್ಸ್ ಪ್ಲಾಂಕ್. ಎಂಜಿನಿಯರಿಂಗ್ ಬೇಡ ಅಂದವನ ಜೀವನದ ದೊಡ್ಡ ಕೆಲಸ ನಡೆದದ್ದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ! 1886ರಲ್ಲಿ ಸಹೋದ್ಯೋಗಿಯೊಬ್ಬರ ಮಗಳು ಎಲಿಜಬೆತ್ ಡಾಲ್ ಜೊತೆ ಮದುವೆಯೂ ಆಯ್ತು.

ಕಾಲೇಜಿನ ಬೀರುವಿನಲ್ಲಿ ಹಳೇ ಸುರುಳಿಗಳ ಜೋಡಿ ಇತ್ತು. ಪಾಠಕ್ಕೆ ಅಂತ ಅದನ್ನ ತೆಗೆದು ಒಂದರಲ್ಲಿ ಕಿಡಿ ಹಾರಿಸಿದಾಗ ಇನ್ನೊಂದರ ತುದಿಯಲ್ಲೂ ಕಿಡಿ ಕಂಡಿತು. ಬೇರೆ ಯಾರಾದರೂ ಆಗಿದ್ದರೆ ಡೆಮೊ ಚೆನ್ನಾಗಿ ಬಂತು ಅಂತ ಬಿಡ್ತಿದ್ದರು. ಹರ್ಟ್ಸ್‌ಗೆ ಏಳು ವರ್ಷ ಹಿಂದೆ ಬೇಡ ಅಂದ ಪ್ರಶ್ನೆ ನೆನಪಾಯ್ತು. ಆಗ ಇಲ್ಲದಿದ್ದ ಉಪಕರಣ ಈಗ ಕೈಯಲ್ಲಿದೆ: ಅಷ್ಟು ವೇಗವಾಗಿ ಕಂಪಿಸೋ ವಿದ್ಯುತ್.

ಮುಂದಿನ ಎರಡು ವರ್ಷ ಅವನು ಮಾಡಿದ್ದು ಕತ್ತಲಲ್ಲಿ ಕೂತು ಕೂದಲೆಳೆಯಷ್ಟು ಸಣ್ಣ ಕಿಡಿಗಳನ್ನ ನೋಡೋದು. ಎರಡು ಲೋಹದ ಗುಂಡುಗಳ ನಡುವೆ ಕಿಡಿ ಹಾರಿಸೋದು, ದೂರದಲ್ಲಿ ಹಿಡಿದ ತಂತಿಯ ಬಳೆಯ ಸಣ್ಣ ಸಂದಿನಲ್ಲಿ ಮರುಕಿಡಿ ಹುಡುಕೋದು. ಪಾಠದ ಹಾಲ್‌ನ ಗೋಡೆಗೆ ಸತುವಿನ ತಗಡು ಹೊಡೆದು ಅಲೆಯನ್ನ ಹಿಂದಕ್ಕೆ ತಿರುಗಿಸಿ, ನಿಂತ ಅಲೆಯ ಏರು ತಗ್ಗುಗಳನ್ನ ಗುರುತು ಮಾಡಿದ. ಬಾಗಿಸಿದ ತಗಡಿನ ಕನ್ನಡಿಗಳಿಂದ ಅಲೆಯನ್ನ ಒಂದು ಕಡೆಗೆ ಹಾಯಿಸಿದ. ಡಾಂಬರಿನಂಥ ರಾಳದಿಂದ ನೂರಾರು ಕಿಲೋ ತೂಕದ ಪ್ರಿಸಮ್ ಎರಕ ಹೊಯ್ದು ಅಲೆ ಬಾಗೋದನ್ನ ತೋರಿಸಿದ. ಲೇತ್ ಕಲಿತ ಕೈ ಇಲ್ಲಿ ಕೆಲಸಕ್ಕೆ ಬಂತು. 1888 ಮುಗಿಯುವ ಹೊತ್ತಿಗೆ ಸಂಶಯ ಉಳಿಯಲಿಲ್ಲ. ಮ್ಯಾಕ್ಸ್‌ವೆಲ್ ಹೇಳಿದ ಅಲೆಗಳು ನಿಜ, ಬೆಳಕಿನ ಹಾಗೇ ಪ್ರತಿಫಲಿಸತ್ತವೆ, ಬಾಗತ್ತವೆ, ಧ್ರುವೀಕರಣವಾಗತ್ತವೆ.

ತಪ್ಪುಗಳೂ ಆದವು. ಕಂಪನದ ಅವಧಿಯ ಲೆಕ್ಕದಲ್ಲಿ ಎರಡರ ವರ್ಗಮೂಲದಷ್ಟು ತಪ್ಪಿತ್ತು ಅಂತ ಫ್ರಾನ್ಸಿನ ಪ್ವಾಂಕರೆ ಹಿಡಿದರು, ಹರ್ಟ್ಸ್ ಒಪ್ಪಿಕೊಂಡ. ಬರ್ಲಿನ್ನಿನಲ್ಲಿದ್ದಾಗ ಕ್ಯಾಥೋಡ್ ಕಿರಣಗಳಿಗೆ ವಿದ್ಯುತ್ ಆವೇಶ ಇಲ್ಲ ಅನ್ನೋ ತೀರ್ಮಾನಕ್ಕೆ ಬಂದಿದ್ದ, ಅದು ತಪ್ಪು ಅಂತ 1897ರಲ್ಲಿ ಥಾಮ್ಸನ್ ತೋರಿಸಿದರು. ಇನ್ನೊಂದು ಕಡೆ, 1887ರಲ್ಲಿ ನೇರಳಾತೀತ ಬೆಳಕು ಬಿದ್ದರೆ ಕಿಡಿ ಸುಲಭವಾಗಿ ಹಾರತ್ತೆ ಅನ್ನೋದನ್ನ ಗಮನಿಸಿ, ತನ್ನ ಮುಖ್ಯ ಕೆಲಸ ಬದಿಗಿಟ್ಟು ಶ್ರದ್ಧೆಯಿಂದ ಅಳೆದು ಬರೆದಿಟ್ಟ. ಕಾರಣ ಅವನಿಗೆ ಗೊತ್ತಾಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ವಿವರಿಸಿದ ಫೋಟೋಎಲೆಕ್ಟ್ರಿಕ್ ಪರಿಣಾಮ ಅದೇ.

ಕೊನೆಯ ವರ್ಷಗಳು

1889ರಲ್ಲಿ ಬಾನ್ ವಿಶ್ವವಿದ್ಯಾಲಯ ಕರೆಯಿತು. ಥರ್ಮೋದಲ್ಲಿ ನಮ್ಮನ್ನ ಕಾಡೋ ಕ್ಲಾಸಿಯಸ್ ಅವರ ಜಾಗ. ಹೆಸರು ಯುರೋಪಿನಾದ್ಯಂತ ಹರಡಿತ್ತು, ಲಂಡನ್ನಿನ ರಾಯಲ್ ಸೊಸೈಟಿ 1890ರಲ್ಲಿ ರಮ್‌ಫರ್ಡ್ ಪದಕ ಕೊಟ್ಟಿತು. ಇಬ್ಬರು ಹೆಣ್ಣುಮಕ್ಕಳು, ಯೋಹನ್ನಾ ಮತ್ತು ಮಟಿಲ್ಡಾ. ಇನ್ನೂ ಮೂವತ್ತೈದು ತುಂಬಿಲ್ಲ.

1892ರಲ್ಲಿ ಕಾಯಿಲೆ ಹಿಡಿಯಿತು. ವಿಪರೀತ ತಲೆನೋವು, ಮೂಗು ಗಂಟಲಿನಲ್ಲಿ ಸೋಂಕು. ಮೇಲಿಂದ ಮೇಲೆ ಆಪರೇಶನ್. ಆಂಟಿಬಯೋಟಿಕ್ ಇಲ್ಲದ ಕಾಲ. ಲ್ಯಾಬ್‌ನಲ್ಲಿ ನಿಲ್ಲೋಕೆ ಆಗದಿದ್ದಾಗ ಮೇಜಿನ ಮುಂದೆ ಕೂತು ಮೆಕ್ಯಾನಿಕ್ಸನ್ನ ಬುಡದಿಂದ ಮತ್ತೆ ಕಟ್ಟುವ ಒಂದು ಪುಸ್ತಕ ಬರೆಯತೊಡಗಿದ. ಅದರಲ್ಲಿ ಬಲ ಅನ್ನೋದನ್ನೇ ಮೂಲ ಕಲ್ಪನೆಯಾಗಿ ಇಟ್ಟುಕೊಳ್ಳಲಿಲ್ಲ. ಕಾಲ, ದೇಶ, ದ್ರವ್ಯರಾಶಿ ಮೂರರಿಂದಲೇ ಎಲ್ಲ ಕಟ್ಟೋಕೆ ನೋಡಿದ. ವಿದ್ಯಾರ್ಥಿಯಾಗಿ ಮ್ಯೂನಿಕ್‌ನಲ್ಲಿ ಓದಿದ ಲಗ್ರಾಂಜ್ ಕಡೆಗೆ ಮರಳಿದ ಹಾಗಿತ್ತು. 1893ರ ಡಿಸೆಂಬರ್‌ವರೆಗೂ ಪಾಠ ಮಾಡಿದ. 1 ಜನವರಿ 1894, ಹೊಸ ವರ್ಷದ ದಿನ ತೀರಿಕೊಂಡ. ವಯಸ್ಸು 36. ಪುಸ್ತಕ ಅವನು ಹೋದ ಮೇಲೆ ಅಚ್ಚಾಯ್ತು. ಮುನ್ನುಡಿ ಬರೆದದ್ದು ಶಿಷ್ಯನನ್ನ ಕಳಕೊಂಡ ಮುದಿ ಮೇಷ್ಟ್ರು ಹೆಲ್ಮ್‌ಹೋಲ್ಟ್ಸ್. ಅದೇ ವರ್ಷ ಅವರೂ ಹೋದರು.

ಅಲೆಗಳು ಮಾತ್ರ ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸ್ ಅವನ್ನ ಮಿಲಿಮೀಟರ್ ಮಟ್ಟಕ್ಕೆ ಇಳಿಸಿ ಪ್ರಯೋಗ ಮಾಡಿದರು. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರ ದಾಟಿಸಿದರು. ನೊಬೆಲ್ ಶುರುವಾಗುವ ಹೊತ್ತಿಗೆ ಹರ್ಟ್ಸ್ ಇರಲಿಲ್ಲ.

ಹೆಸರು ಅಳಿಸಿದವರು

ಮೊದಲೇ ಹೇಳಿದ್ದೆನಲ್ಲ, ಅಪ್ಪನ ಕಡೆಯ ಮೂಲದ ಮಾತು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಸತ್ತು ನಲವತ್ತು ವರ್ಷವಾಗಿದ್ದವನ ರಕ್ತದ ಲೆಕ್ಕ ಶುರುವಾಯ್ತು. ಹ್ಯಾಂಬರ್ಗ್ ನಗರಸಭೆಯ ಗೋಡೆಯಿಂದ ಅವನ ಚಿತ್ರ ಇಳಿಸಿದರು. ಜೇನುನೊಣಗಳ ದೃಷ್ಟಿಯ ಮೇಲೆ ಕೆಲಸ ಮಾಡಿ ಹೆಸರಾಗಿದ್ದ ಜೀವವಿಜ್ಞಾನಿ ಮಗಳು ಮಟಿಲ್ಡಾ ದೇಶ ಬಿಡಬೇಕಾಯ್ತು, ಹೆಂಡತಿ ಎಲಿಜಬೆತ್ ಮತ್ತು ಹೆಣ್ಣುಮಕ್ಕಳು ಇಂಗ್ಲೆಂಡ್ ಸೇರಿದರು. ಬಾನ್‌ನಲ್ಲಿ ಹರ್ಟ್ಸ್ ಕೈಕೆಳಗೆ ಸಹಾಯಕನಾಗಿದ್ದ, ಮುಂದೆ ನೊಬೆಲ್ ಪಡೆದ ಫಿಲಿಪ್ ಲೆನಾರ್ಡ್, ವಿಜ್ಞಾನಕ್ಕೂ ಜನಾಂಗ ಇದೆ ಅಂತ ವಾದಿಸೋ ಗುಂಪಿನ ಮುಂದಾಳಾಗಿದ್ದರು. ಗುರು ಅಂತ ಇದ್ದವನ ಕೆಲಸವನ್ನೂ ಆ ತಕ್ಕಡಿಯಲ್ಲಿ ಹಾಕಿ ತೂಗಿದರು. ಇಂಥದ್ದನ್ನ ಓದುವಾಗ ಒಂದು ಸೂತ್ರಕ್ಕೆ ಯಾರ ಹೆಸರಿದೆ ಅನ್ನೋದು ಬರೀ ಎಂಸಿಕ್ಯೂ ಉತ್ತರ ಅಲ್ಲ ಅಂತ ಅನ್ನಿಸತ್ತೆ.

ಆದರೆ ಅಳಿಸೋದು ಅಷ್ಟು ಸುಲಭ ಇರಲಿಲ್ಲ. 1930ರಲ್ಲೇ ಅಂತರರಾಷ್ಟ್ರೀಯ ಸಂಸ್ಥೆ ಆವೃತ್ತಿಯ ಘಟಕಕ್ಕೆ ಅವನ ಹೆಸರಿಟ್ಟಿತ್ತು, 1960ರಲ್ಲಿ ಅದು ಎಸ್‌ಐ ಘಟಕವಾಯ್ತು. ಗೋಡೆಯಿಂದ ಚಿತ್ರ ಇಳಿಸಬಹುದು. ಪ್ರತಿ ಗಾಲಿ ಹಳಿಯನ್ನ ಮುಟ್ಟುವ ಜಾಗದಿಂದ ಹೆಸರನ್ನ ಹೇಗೆ ತೆಗೀತೀರಿ?

ಮತ್ತೆ ನಮ್ಮ ಗಾಲಿಗೆ

ನಮ್ಮ ಪ್ರಾಜೆಕ್ಟ್ ಏನಾಯ್ತು ಅಂತ ಹೇಳದೆ ಬಿಟ್ಟರೆ ತಪ್ಪಾಗತ್ತೆ. ಕೈ ಲೆಕ್ಕದಿಂದ ಮುಟ್ಟುವ ಜಾಗ 12 ಮಿ.ಮೀ. ಅಂತ ಗೊತ್ತಾದ ಮೇಲೆ ಇಡೀ ಗಾಲಿಗೆ ಒಂದೇ ಮೆಶ್ ಹಾಕೋ ಹುಚ್ಚು ಬಿಟ್ಟೆವು. ಮುಟ್ಟುವ ಕಡೆ ಮಾತ್ರ ಅರ್ಧ ಮಿ.ಮೀ., ದೂರ ಹೋದ ಹಾಗೆ ದಪ್ಪ. ಭಾರವನ್ನ ಒಂದೇ ಸಲ ಹೇರದೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಏರಿಸಿದೆವು. ಮೊದಲ ಸಲ ಕಂಪ್ಯೂಟರಿನ ಉತ್ತರ, ಕಾಗದದ ಮೇಲಿನ ಉತ್ತರ ಹತ್ತಿರ ಹತ್ತಿರ ಬಂದ ರಾತ್ರಿ ಕ್ಯಾಂಟೀನ್ ಮುಚ್ಚಿತ್ತು, ಹಾಸ್ಟೆಲ್‌ನಲ್ಲೇ ಮ್ಯಾಗಿ ಮಾಡ್ಕೊಂಡು ತಿಂದೆವು. ಭಾರ ಸೊನ್ನೆಗಿಳಿದು ಗಾಲಿ ಸರಿಯೋ ಭಾಗ ಇನ್ನೂ ಪೂರ್ತಿ ಸರಿಯಾಗಿಲ್ಲ. ಅಚ್ಚಿಗೂ ಗಾಲಿಗೂ ನಡುವೆ ಸರಿದಾಡೋಕೆ ಬಿಟ್ಟ ಸಂದು ಓಟದಲ್ಲಿ ಏನು ಮಾಡತ್ತೆ ಅನ್ನೋದು ಇನ್ನೂ ಕಷ್ಟದ ಪ್ರಶ್ನೆ. ಜಪಾನಿನವರು ಇಂಥದೇ ರೈಲನ್ನ 2014ರಲ್ಲಿ ದೂರದ ಓಟಕ್ಕೆ ಬಿಟ್ಟಾಗ ಅಚ್ಚಿನ ಭಾಗಗಳಲ್ಲಿ ಸವೆತ ಕಂಡು ಪರೀಕ್ಷೆ ನಿಲ್ಲಿಸಬೇಕಾಯ್ತು. ಅಂಥವರಿಗೇ ಕಷ್ಟವಾದದ್ದು ನಮಗೆ ಒಂದು ಸೆಮಿಸ್ಟರಿನಲ್ಲಿ ಬಗೆಹರಿಯೋದಿಲ್ಲ, ಬಿಡಿ.

ನನಗೆ ಉಳಿದದ್ದು ಒಂದು ಮಾತು. ಹರ್ಟ್ಸ್ ಆ ರಜೆಯಲ್ಲಿ ರೈಲಿಗೆ ಅಂತ ಲೆಕ್ಕ ಮಾಡಲಿಲ್ಲ, ಬೇರಿಂಗಿಗೆ ಅಂತ ಮಾಡಲಿಲ್ಲ. ಲೆನ್ಸ್ ಒತ್ತಿದರೆ ಗಾಜು ಎಷ್ಟು ಚಪ್ಪಟೆಯಾಗತ್ತೆ ಅನ್ನೋದನ್ನ ಅಂದಾಜಿಗೆ ಬಿಡೋಕೆ ಅವನಿಗೆ ಮನಸ್ಸಾಗಲಿಲ್ಲ, ಅಷ್ಟೇ. ಜೂನಿಯರ್‌ಗಳೇ, ನ್ಯೂಟನ್ ರಿಂಗ್ಸ್ ಲ್ಯಾಬ್ ಈ ಸೆಮ್‌ನಲ್ಲೇ ಬರತ್ತೆ. ನಡುವಿನ ಕಪ್ಪು ಚುಕ್ಕೆಯನ್ನ ಸ್ವಲ್ಪ ಹೊತ್ತು ನೋಡಿ. ಎರಡು ಗಾಜುಗಳು ಒಂದನ್ನೊಂದು ಮುಟ್ಟಿರೋದು ಅಲ್ಲೇ. ರೀಡಿಂಗ್ ಪಕ್ಕದವನ ರೆಕಾರ್ಡಿನಿಂದ ಆಮೇಲೆ ಬರೆದುಕೊಂಡರೂ ಆಯ್ತು.